ಒಡೆದ ಕೈಗೆ ತಕ್ಕ ಕ್ರೀಮನ್ನು ಆರಿಸುವುದು ಹೇಗೆ?

ಔಷಧ ಅಂಗಡಿಯಲ್ಲಿ ನಿಂತು ‘ಕೈ ಒಡೆದಿದೆ, ಒಳ್ಳೆಯ ಕ್ರೀಮ್ ಕೊಡಿ’ ಎಂದರೆ ಸಾಮಾನ್ಯವಾಗಿ ಸಿಗುವುದು ಅಂಗಡಿಯವರ ಕೈಗೆ ಮೊದಲು ಎಟುಕಿದ ಟ್ಯೂಬು. ‘ಯೂರಿಯಾ ಶೇ. 10 ಇರುವ, ಸುಗಂಧ ಹಾಕದ ಕ್ರೀಮ್ ಇದೆಯೇ?’ ಎಂದು ಕೇಳಿದರೆ ಅವರು ಒಳಗೆ ಹೋಗಿ ಹುಡುಕುತ್ತಾರೆ. ಹಾಗೆ ಕೇಳಲು ಬೇಕಾದಷ್ಟು ತಿಳಿವಳಿಕೆಯನ್ನು ಇಲ್ಲಿ ಕೊಟ್ಟಿದ್ದೇನೆ. ನನ್ನ ವಾದ ಇಷ್ಟು: ಕ್ರೀಮಿನ ಆಯ್ಕೆ ಕಂಪನಿಯ ಹೆಸರಿನಿಂದ ಆಗಬಾರದು, ನಿಮ್ಮ ಕೈ ದಿನವಿಡೀ ಮಾಡುವ ಕೆಲಸದಿಂದ ಆಗಬೇಕು. ಬಹುತೇಕರಿಗೆ ಒಂದು ಡಬ್ಬಿ ಸಾಲದು, ಹಗಲಿಗೊಂದು ರಾತ್ರಿಗೊಂದು ಬೇಕು. ಲೆಕ್ಕ ಹಾಕಿದರೆ ಆ ಎರಡೂ ಸೇರಿ ಒಂದು ದುಬಾರಿ ಟ್ಯೂಬಿಗಿಂತ ಅಗ್ಗವಾಗುತ್ತವೆ.

1. ಮೊದಲು ಕೈಯನ್ನು ಸರಿಯಾಗಿ ನೋಡಿಕೊಳ್ಳಿ

ಬೆಳಗಿನ ಬೆಳಕಿನಲ್ಲಿ, ಏನನ್ನೂ ಹಚ್ಚುವ ಮೊದಲು ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಣಗಿರುವುದು ಎಲ್ಲಿ ಎಂಬುದರಲ್ಲಿಯೇ ಅರ್ಧ ಉತ್ತರ ಇರುತ್ತದೆ.

ಎರಡೂ ಕೈಗಳ ಹಿಂಬದಿ ಬೂದು ಬಳಿದ ಹಾಗೆ ಬಿಳಚಿಕೊಂಡು, ಗೆಣ್ಣುಗಳ ಮೇಲೆ ಸಣ್ಣ ಬಿರುಕು ಬಿಟ್ಟಿದ್ದರೆ ಅದು ನೀರು, ಸೋಪು, ಚಳಿಗಾಳಿಯ ಕೆಲಸ. ಒಳ್ಳೆಯ ಕ್ರೀಮಿಗೆ ಇದು ಬಗ್ಗುತ್ತದೆ. ಉಂಗುರದ ಕೆಳಗೆ ಮಾತ್ರ ಚರ್ಮ ಒರಟಾಗಿದ್ದರೆ ಅಲ್ಲಿ ಸೋಪಿನ ನೊರೆ ಸಿಕ್ಕಿಕೊಂಡು ಉಳಿಯುತ್ತಿದೆ ಎಂದು ತಿಳಿಯಿರಿ. ಪಾತ್ರೆ ತೊಳೆಯುವ ಮೊದಲು ಉಂಗುರ ತೆಗೆದಿಡುವುದೇ ಅದಕ್ಕೆ ಮೊದಲ ಮದ್ದು.

ಬಲಗೈ ರೂಢಿಯವರಿಗೆ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿ ಮಾತ್ರ ಒಣಗಿ ಸೀಳುತ್ತಿದ್ದರೆ ಬೆಳ್ಳುಳ್ಳಿಯ ಮೇಲೆ ಅನುಮಾನ ಪಡಿ. ಎಸಳನ್ನು ಹಿಡಿದುಕೊಳ್ಳುವುದು ಆ ಮೂರು ಬೆರಳುಗಳು. ಚಾಕು ಹಿಡಿದ ಬಲಗೈ ಪಾರಾಗಿರುತ್ತದೆ. ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಮದುವೆ ಮನೆಯ ಅಡುಗೆಯವರಲ್ಲಿ, ಉಪ್ಪಿನಕಾಯಿ ಮಾಡಿ ಮಾರುವವರಲ್ಲಿ ಇದನ್ನು ಕಾಣಬಹುದು. ಇಂಥವರು ಎಷ್ಟು ದುಬಾರಿ ಕ್ರೀಮ್ ತಂದರೂ, ಬರಿಗೈಯಲ್ಲಿ ಸುಲಿಯುವುದು ನಿಲ್ಲುವವರೆಗೆ ಗುಣ ಕಾಣುವುದಿಲ್ಲ.

ಬೆರಳುಗಳ ಪಕ್ಕದಲ್ಲಿ ಸಬ್ಬಕ್ಕಿ ಕಾಳಿನಂತಹ ಗುಳ್ಳೆಗಳೆದ್ದು ವಿಪರೀತ ತುರಿಸುತ್ತಿದ್ದರೆ ಅದು ಒಂದು ಬಗೆಯ ಎಸ್ಜಿಮಾ. ಒಂದೇ ಅಂಗೈ ಒಣಗಿ ಹೊಟ್ಟು ಉದುರುತ್ತಿದ್ದು, ಪಾದಗಳಲ್ಲಿಯೂ ಹಾಗೆಯೇ ಇದ್ದರೆ ಶಿಲೀಂಧ್ರದ ಸೋಂಕು, ಅಂದರೆ ಹುಳುಕಡ್ಡಿಯ ಜಾತಿಯದ್ದು, ಇರಬಹುದು. ಈ ಎರಡಕ್ಕೂ ಚರ್ಮವೈದ್ಯರು ಬೇಕು. ಕ್ರೀಮ್ ಹುಡುಕುವುದು ಆಮೇಲೆ.

2. ಅಂಗೈಯ ಸ್ವಭಾವ ತಿಳಿದಿರಲಿ

ಮುಖಕ್ಕೆ, ತಲೆಗೆ ತಾನಾಗಿಯೇ ಎಣ್ಣೆಪಸೆ ಬರುತ್ತದೆ. ಅಂಗೈಗೆ ಆ ಭಾಗ್ಯವಿಲ್ಲ. ಅಲ್ಲಿ ತೈಲಗ್ರಂಥಿಗಳೇ ಇಲ್ಲ. ಬೆವರಿನ ಗ್ರಂಥಿಗಳು ಮಾತ್ರ ಇವೆ. ಹೊರಪದರದ ಜೀವಕೋಶಗಳ ನಡುವೆ ಇರುವ ಕೊಬ್ಬಿನ ಅಂಶಗಳೇ (ಸೆರಾಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು) ಒಳಗಿನ ನೀರು ಆರಿಹೋಗದಂತೆ ತಡೆಯಬೇಕು. ಪ್ರತಿ ಸಲ ಸೋಪು ಹಚ್ಚಿ ಬಿಸಿನೀರಿನಲ್ಲಿ ತೊಳೆದಾಗಲೂ ಈ ಕೊಬ್ಬು ಅಷ್ಟಷ್ಟು ಕರಗಿ ಹೋಗುತ್ತದೆ. ಆರೋಗ್ಯವಂತ ಚರ್ಮದ ಪಿ.ಎಚ್. ಸುಮಾರು 5, ಅಂದರೆ ತುಸು ಆಮ್ಲೀಯ. ಸಾಮಾನ್ಯ ಸೋಪಿನದು 9ರಿಂದ 10, ಅಂದರೆ ಕ್ಷಾರೀಯ. ಕೊಬ್ಬು ಕಳೆದುಕೊಂಡ ಪದರ ಒಣಗಿ, ಬಾಗುವ ಗುಣ ಹೋಗಿ, ಬೆರಳು ಮಡಚಿದ ಕಡೆ ಸೀಳುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ವಿಜಯಪುರ, ಕಲಬುರಗಿಯ ಒಣಗಾಳಿಗೆ, ಬೆಂಗಳೂರಿನ ಬೆಳಗಿನ ಚಳಿಗೆ, ಹವಾನಿಯಂತ್ರಿತ ಕಚೇರಿಯ ಗಾಳಿಗೆ ಇದು ಇನ್ನೂ ಬೇಗ ಆಗುತ್ತದೆ. ಕೆನಡಾ, ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮವರಿಗೆ ಮನೆಯೊಳಗಿನ ಹೀಟರ್ ಇದೇ ಉಪದ್ರವ ಕೊಡುತ್ತದೆ.

3. ಕ್ರೀಮಿನೊಳಗೆ ಇರುವ ಮೂರು ಬಗೆಯ ಪದಾರ್ಥ

ಜಗತ್ತಿನ ಯಾವ ಕ್ರೀಮನ್ನು ತೆಗೆದುಕೊಂಡರೂ ಕೆಲಸ ಮಾಡುವುದು ಈ ಮೂರು ಬಗೆಯವು.

ನೀರನ್ನು ಹಿಡಿದಿಡುವವು: ಗ್ಲಿಸರಿನ್, ಯೂರಿಯಾ, ಲ್ಯಾಕ್ಟಿಕ್ ಆಮ್ಲ, ಸಾರ್ಬಿಟಾಲ್, ಹಯಲುರಾನಿಕ್ ಆಮ್ಲ. ಇವುಗಳಲ್ಲಿ ಗ್ಲಿಸರಿನ್ ಅಗ್ಗ, ನಂಬಿಕಸ್ಥ. ಯೂರಿಯಾ ಎಂದೊಡನೆ ಗದ್ದೆಗೆ ಎರಚುವ ಗೊಬ್ಬರ ನೆನಪಾಗುತ್ತದೆ. ರಾಸಾಯನಿಕವಾಗಿ ಅದೇ ಪದಾರ್ಥ, ಆದರೆ ಶುದ್ಧೀಕರಿಸಿದ್ದು. (ಗೊಬ್ಬರದ ಚೀಲಕ್ಕೆ ಕೈ ಹಾಕಿ ಮನೆಮದ್ದು ಮಾಡುವ ಸಾಹಸ ಬೇಡ.) ನಮ್ಮ ಚರ್ಮದಲ್ಲಿಯೇ ಸಹಜವಾಗಿ ಯೂರಿಯಾ ಇದೆ. ಶೇ. 5ರಿಂದ 10ರಷ್ಟು ಇದ್ದರೆ ಅದು ಪಸೆ ಕೊಡುತ್ತದೆ, ಶೇ. 20 ದಾಟಿದರೆ ದಪ್ಪಗಾದ ಚರ್ಮವನ್ನು ಮೆತ್ತಗೆ ಮಾಡಿ ಕಳಚುತ್ತದೆ. ಹಿಮ್ಮಡಿಗೆ ಅದು ಒಳ್ಳೆಯದು, ಕೈಬೆರಳಿಗೆ ಅತಿಯಾಯಿತು. ಬಾಯಿ ಬಿಟ್ಟ ಬಿರುಕಿಗೆ ಯೂರಿಯಾ ಆಗಲಿ ಲ್ಯಾಕ್ಟಿಕ್ ಆಮ್ಲ ಆಗಲಿ ಚುರುಚುರು ಉರಿಸುತ್ತದೆ. ಆದ್ದರಿಂದ ಬಿರುಕು ಕೂಡಿಕೊಂಡ ಮೇಲೆ ಅದನ್ನು ಹಚ್ಚಬೇಕು.

ಮೆತ್ತಗೆ ಮಾಡುವವು: ಶಿಯಾ ಬಟರ್, ಕೊಕೊ ಬಟರ್, ಸಿಟೈಲ್ ಮತ್ತು ಸ್ಟಿಯರಿಲ್ ಆಲ್ಕೊಹಾಲ್, ಹಲವು ಸಸ್ಯತೈಲಗಳು. ‘ಆಲ್ಕೊಹಾಲ್’ ಎಂಬ ಹೆಸರಿಗೆ ಹೆದರಬೇಡಿ. ಸಿಟೈಲ್, ಸ್ಟಿಯರಿಲ್ ಎಂಬವು ಮೇಣದಂಥ ಕೊಬ್ಬಿನ ಪದಾರ್ಥಗಳು, ಚರ್ಮವನ್ನು ಒಣಗಿಸುವುದಿಲ್ಲ. ‘ಆಲ್ಕೊಹಾಲ್ ಡಿನ್ಯಾಟ್’ ಎಂಬುದು ಪಟ್ಟಿಯ ಮೇಲ್ಭಾಗದಲ್ಲಿದ್ದರೆ ಮಾತ್ರ ಟ್ಯೂಬನ್ನು ಕೆಳಗಿಡಿ.

ಮುಚ್ಚಳ ಹಾಕುವವು: ಪೆಟ್ರೋಲಿಯಂ ಜೆಲ್ಲಿ, ಲಿಕ್ವಿಡ್ ಪ್ಯಾರಾಫಿನ್, ಜೇನುಮೇಣ, ಡೈಮೆಥಿಕೋನ್, ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆಯುವ ಲ್ಯಾನೊಲಿನ್. ಒಳಗಿನ ನೀರು ಆರುವುದನ್ನು ತಡೆಯುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಗೆ ಸರಿಸಾಟಿ ಇಲ್ಲ. ರಾಬರ್ಟ್ ಚೀಸ್‌ಬ್ರೊ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಅದಕ್ಕೆ 1872ರಲ್ಲಿ ವ್ಯಾಸಲೀನ್ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದ. ಇಷ್ಟು ವರ್ಷಗಳಲ್ಲಿ ಬಂದ ನೂರೆಂಟು ‘ಹೊಸ ಸೂತ್ರ’ಗಳು ಈ ಒಂದು ಕೆಲಸದಲ್ಲಿ ಅದನ್ನು ಹಿಂದಿಕ್ಕಿಲ್ಲ. ಅದರ ದೋಷ ಜಿಡ್ಡು. ಅದನ್ನು ಹಚ್ಚಿಕೊಂಡು ಕಡತ ಮುಟ್ಟುವಂತಿಲ್ಲ, ಮೊಬೈಲ್ ಒರೆಸಿ ಒರೆಸಿ ಸಾಕಾಗುತ್ತದೆ. ಹೀಗಾಗಿ ಅದರ ಸಮಯ ರಾತ್ರಿ.

ನೀರು ಹಿಡಿಯುವುದು ಮಾತ್ರ ಇದ್ದು ಮುಚ್ಚಳ ಇಲ್ಲದಿದ್ದರೆ ಹಚ್ಚಿದ ಅರ್ಧ ಗಂಟೆಗೆ ಕೈ ಮತ್ತೆ ಬಿಗಿಯುತ್ತದೆ. ಅನೇಕ ‘ಅಂಟದ ಜೆಲ್’ಗಳ ಕಥೆ ಇದೇ.

4. ಡಬ್ಬಿಯ ಹಿಂಭಾಗ ಓದಿ

ಮುಂಭಾಗದಲ್ಲಿ ಇರುವುದು ಬಾದಾಮಿಯ ಚಿತ್ರ. ಹಿಂಭಾಗದಲ್ಲಿ ಇರುವುದು ಸತ್ಯ. ನಮ್ಮ ನಿಯಮದಂತೆ ಸೌಂದರ್ಯವರ್ಧಕಗಳಲ್ಲಿ ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವು ಕೊನೆಯಲ್ಲಿ ಯಾವ ಕ್ರಮದಲ್ಲಿ ಬಂದರೂ ಆದೀತು. ಆ ಗಡಿ ಎಲ್ಲಿದೆ ಎಂದು ಅಂದಾಜು ಮಾಡಲು ಒಂದು ಉಪಾಯವಿದೆ. ಪಟ್ಟಿಯಲ್ಲಿ ‘ಫಿನಾಕ್ಸಿಎಥನಾಲ್’ ಎಂಬ ಸಂರಕ್ಷಕವನ್ನು ಹುಡುಕಿ. ಅದನ್ನು ಶೇ. 1ಕ್ಕಿಂತ ಹೆಚ್ಚು ಹಾಕುವುದಿಲ್ಲ. ಅದರ ನಂತರ ಬರುವ ಬಾದಾಮಿ ಎಣ್ಣೆ, ಕೇಸರಿ, ಜೇನು ಎಲ್ಲವೂ ಶಾಸ್ತ್ರಕ್ಕೆ ಹಾಕಿದ ಹನಿಗಳು. ಸೆರಾಮೈಡ್ ಮಾತ್ರ ಇದಕ್ಕೆ ಅಪವಾದ. ಅದು ಅಲ್ಪ ಪ್ರಮಾಣದಲ್ಲಿಯೇ ಕೆಲಸ ಮಾಡುವುದರಿಂದ ಪಟ್ಟಿಯ ಕೊನೆಯಲ್ಲಿದ್ದರೂ ತಪ್ಪಿಲ್ಲ.

ಹಗಲಿನ ಕ್ರೀಮಿನಲ್ಲಿ ನೀರಿನ ನಂತರದ ನಾಲ್ಕೈದು ಹೆಸರುಗಳೊಳಗೆ ಗ್ಲಿಸರಿನ್ ಇರಲಿ, ಜೊತೆಗೆ ಡೈಮೆಥಿಕೋನ್ ಅಥವಾ ಲಿಕ್ವಿಡ್ ಪ್ಯಾರಾಫಿನ್ ಇರಲಿ. ಲಿಕ್ವಿಡ್ ಪ್ಯಾರಾಫಿನ್ನಿಗೆ ‘ಮಿನರಲ್ ಆಯಿಲ್’ ಎಂದೂ, ಪೆಟ್ರೋಲಿಯಂ ಜೆಲ್ಲಿಗೆ ‘ಪೆಟ್ರೋಲೇಟಮ್’, ‘ವೈಟ್ ಸಾಫ್ಟ್ ಪ್ಯಾರಾಫಿನ್’ ಎಂದೂ ಹೆಸರುಗಳಿವೆ. ರಾತ್ರಿಯದರಲ್ಲಿ ಪೆಟ್ರೋಲೇಟಮ್ ಮೊದಲನೆಯದೋ ಎರಡನೆಯದೋ ಆಗಿರಬೇಕು. ಲೋಷನ್‌ಗಿಂತ ಕ್ರೀಮ್ ಗಟ್ಟಿ, ಕ್ರೀಮಿಗಿಂತ ಮುಲಾಮು ಗಟ್ಟಿ. ನೀರು ಕಡಿಮೆಯಾದಷ್ಟೂ ಒಡೆದ ಕೈಗೆ ಒಳ್ಳೆಯದು, ಉರಿಯೂ ಕಡಿಮೆ.

ಬೇಡವಾದದ್ದು ಮುಖ್ಯವಾಗಿ ಒಂದು: ‘ಪರ್ಫ್ಯೂಮ್’ ಅಥವಾ ‘ಫ್ರಾಗ್ರೆನ್ಸ್’. ಒಡೆದ ಚರ್ಮಕ್ಕೆ ಸುಗಂಧದ್ರವ್ಯ ಅಲರ್ಜಿಯ ದೊಡ್ಡ ಕಾರಣಗಳಲ್ಲೊಂದು. ‘ಮೀಥೈಲ್‌ಐಸೊಥಯಾಜೊಲಿನೋನ್’ ಎಂಬ ಉದ್ದ ಹೆಸರಿನ ಸಂರಕ್ಷಕವೂ ಹಾಗೆಯೇ. ಲ್ಯಾನೊಲಿನ್ ಕೆಲವರಿಗೆ ಒಗ್ಗುವುದಿಲ್ಲ. 1929ರಿಂದ ಬಂಗಾಳದಲ್ಲಿ ತಯಾರಾಗಿ ನಮ್ಮ ಮನೆಗಳಿಗೂ ಬಂದ ಬೋರೊಲೀನ್‌ನಲ್ಲಿ ಅದು ಇದೆ. ಹಚ್ಚಿದ ಕಡೆ ಕೆಂಪಾಗುವವರು ಬೇರೆ ನೋಡಿಕೊಳ್ಳಲಿ, ಉಳಿದವರಿಗೆ ಚಿಂತೆಯಿಲ್ಲ. ‘ನೈಸರ್ಗಿಕ’, ‘ಆಯುರ್ವೇದೀಯ’ ಎಂಬ ಮಾತು ಅಲರ್ಜಿಯಿಂದ ಕಾಪಾಡುವುದಿಲ್ಲ. ನಿಂಬೆ, ದಾಲ್ಚಿನ್ನಿಯ ತೈಲಗಳೂ ನೈಸರ್ಗಿಕವೇ.

5. ಗ್ರಾಮಿನ ಲೆಕ್ಕ ಹಾಕಿ

ಚರ್ಮವೈದ್ಯರು ಬಳಸುವ ಅಳತೆ ಇದು: ಟ್ಯೂಬಿನಿಂದ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಕ್ರೀಮ್ ಸುಮಾರು ಅರ್ಧ ಗ್ರಾಂ. ಒಂದು ಕೈಯ ಎರಡೂ ಬದಿಗೆ ಅಷ್ಟು ಬೇಕು. ಎರಡು ಕೈಗೆ ಒಂದು ಗ್ರಾಂ. ದಿನಕ್ಕೆ ಐದು ಸಲ ಹಚ್ಚಿದರೆ ಐದು ಗ್ರಾಂ, ತಿಂಗಳಿಗೆ 150 ಗ್ರಾಂ.

ಈಗ 30 ಗ್ರಾಮಿನ ಚೆಂದದ ಹ್ಯಾಂಡ್ ಕ್ರೀಮಿಗೆ 150 ರೂಪಾಯಿ ಎಂದುಕೊಳ್ಳಿ. ಸರಿಯಾಗಿ ಹಚ್ಚಿದರೆ ಅದು ಆರು ದಿನಕ್ಕೆ ಮುಗಿಯುತ್ತದೆ. ದಿನಕ್ಕೆ 25 ರೂಪಾಯಿ. ಮುಗಿಯುತ್ತದಲ್ಲ ಎಂದು ಕಡಲೆ ಕಾಳಿನಷ್ಟು ಹಚ್ಚುತ್ತಾ ಬಂದರೆ ತಿಂಗಳು ಬರುತ್ತದೆ, ಕೈ ಮಾತ್ರ ಒಡೆದೇ ಇರುತ್ತದೆ. ಅದೇ 400 ಗ್ರಾಮಿನ, ಸುಗಂಧವಿಲ್ಲದ ಬಾಡಿ ಲೋಷನ್ 400 ರೂಪಾಯಿ ಎಂದಾದರೆ ದಿನಕ್ಕೆ ಐದೇ ರೂಪಾಯಿ. ‘ಹ್ಯಾಂಡ್’ ಎಂಬ ಪದಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಪಟ್ಟಿಯಲ್ಲಿರುವ ಪದಾರ್ಥ ಒಂದೇ ಆಗಿದ್ದರೆ ಮೈಗೆ ಹಚ್ಚುವುದು ಕೈಗೂ ಆಗುತ್ತದೆ. ಪೊಟ್ಟಣದ ಮೇಲೆ ಎಂ.ಆರ್.ಪಿ. ಪಕ್ಕದಲ್ಲಿ ಗ್ರಾಮಿಗೆ ಅಥವಾ ಮಿಲಿಲೀಟರಿಗೆ ಎಷ್ಟು ಎಂಬ ದರವೂ ಈಗ ಅಚ್ಚಾಗಿರುತ್ತದೆ. ಎರಡು ಡಬ್ಬಿಗಳನ್ನು ಹೋಲಿಸಲು ಅದನ್ನೇ ನೋಡಿ.

6. ನಿಮ್ಮ ಕೆಲಸಕ್ಕೆ ಯಾವುದು?

ಪಾತ್ರೆ, ಬಟ್ಟೆ, ನೆಲ ಎಂದು ದಿನವಿಡೀ ನೀರಿನಲ್ಲಿ ಕೈ ಇರುವವರಿಗೆ ಡೈಮೆಥಿಕೋನ್ ಇರುವ ಕ್ರೀಮ್ ಒಳ್ಳೆಯದು. ಅದು ನೀರಿಗೆ ಬೇಗ ಜಾರಿಹೋಗುವುದಿಲ್ಲ. ರಾಮನಗರ, ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆಯವರಿಗೂ ಈ ಮಾತು ಅನ್ವಯಿಸುತ್ತದೆ. ರೊಟ್ಟಿ ಬಡಿಯುವವರು, ಹಿಟ್ಟು ಕಲಸುವವರು ಕ್ರೀಮ್ ಹಚ್ಚಿದ ಕೈಯನ್ನು ಹಿಟ್ಟಿಗೆ ಹಾಕಲಾಗದು. ಅವರಿಗೆ ಅಡುಗೆಯ ಹೊತ್ತಿನಲ್ಲಿ ಕೊಬ್ಬರಿ ಎಣ್ಣೆ, ಅಡುಗೆಮನೆಯ ದೀಪ ಆರಿಸಿದ ಮೇಲೆ ಮುಲಾಮು.

ಗಾರೆ ಕೆಲಸದವರ ವಿಷಯ ಬೇರೆ. ಹಸಿ ಸಿಮೆಂಟಿನ ಪಿ.ಎಚ್. 12ನ್ನು ಮೀರುತ್ತದೆ, ಅದರಲ್ಲಿರುವ ಕ್ರೋಮಿಯಂ ಅಲರ್ಜಿಯನ್ನೂ ತರುತ್ತದೆ. ಯಾವ ಕ್ರೀಮೂ ಅದಕ್ಕೆ ಕವಚವಾಗದು, ರಬ್ಬರ್ ಗ್ಲೌಸ್ ಬೇಕೇ ಬೇಕು. ಹೊಲದಲ್ಲಿ ಪಾರ್ಥೇನಿಯಂ (ಕಾಂಗ್ರೆಸ್ ಗಿಡ) ಕೀಳುವವರಿಗೂ ಇದೇ ಮಾತು. ಮಲೆನಾಡಿನಲ್ಲಿ ಅಡಿಕೆ ಸುಲಿಯುವವರು ಚೊಗರು ಹಿಡಿಯದಿರಲಿ ಎಂದು ಮೊದಲೇ ಎಣ್ಣೆ ಸವರುವುದಾದರೆ ಅಂಗೈಯನ್ನು ಚೆನ್ನಾಗಿ ಒರೆಸಿಕೊಂಡು ಕೂರಬೇಕು; ಮೆಟ್ಟುಕತ್ತಿಯ ಮುಂದೆ ಜಾರುವ ಕೈ ಅಪಾಯ.

ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಒತ್ತಿ ಯಂತ್ರ ಒಪ್ಪದೆ ಹಿಂದಿರುಗುವ ಹಿರಿಯರನ್ನು ನೋಡಿರಬಹುದು. ಒಣಗಿದ, ಸವೆದ ಬೆರಳಿನ ಗೆರೆಗಳನ್ನು ಸ್ಕ್ಯಾನರ್ ಸರಿಯಾಗಿ ಓದುವುದಿಲ್ಲ. ಹಿಂದಿನ ಕೆಲವು ರಾತ್ರಿ ಬೆರಳ ತುದಿಗೆ ಮುಲಾಮು ಉಜ್ಜಿ, ಹೋಗುವ ಹೊತ್ತಿಗೆ ತುಸು ಲೋಷನ್ ಹಚ್ಚಿ ಜಿಡ್ಡು ಉಳಿಯದಂತೆ ಒರೆಸಿಕೊಂಡರೆ ಯಂತ್ರ ಒಪ್ಪುವ ಸಂಭವ ಹೆಚ್ಚು.

7. ಮನೆಯಲ್ಲಿರುವುದೇ ಸಾಕೇ?

ಕೊಬ್ಬರಿ ಎಣ್ಣೆ ಬರಿಯ ನಂಬಿಕೆಯಲ್ಲ. 2004ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸಿನ ಒಂದು ಪರೀಕ್ಷೆಯಲ್ಲಿ, ಸಾಧಾರಣವಾಗಿ ಒಣಗಿದ ಚರ್ಮಕ್ಕೆ ಅದು ಮಿನರಲ್ ಆಯಿಲ್‌ನಷ್ಟೇ ಗುಣ ತೋರಿತು. ಆದರೆ ಆಳವಾಗಿ ಬಿರಿದ ಕೈಗೆ ಅದೊಂದೇ ಸಾಲದು. ಹಚ್ಚಿದ ಸ್ವಲ್ಪ ಹೊತ್ತಿಗೆ ಒರೆಸಿಹೋಗುತ್ತದೆ. ಆಲಿವ್ ಎಣ್ಣೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಅದರಲ್ಲಿ ಹೇರಳವಾಗಿರುವ ಓಲಿಕ್ ಆಮ್ಲ ಹೊರಪದರವನ್ನು ಸಡಿಲಿಸುತ್ತದೆ. ನಿಂಬೆರಸ ಮತ್ತು ಸಕ್ಕರೆ ಹಾಕಿ ಉಜ್ಜುವ ಸಲಹೆಯಂತೂ ಗಾಯಕ್ಕೆ ಆಮ್ಲ ಸುರಿದು ಮರಳು ತಿಕ್ಕುವ ಕೆಲಸ.

ನಮ್ಮಲ್ಲಿಯೇ ಇದ್ದು ಮರೆತಿರುವ ಒಂದು ವಸ್ತು ಮುರುಗಲು ತುಪ್ಪ. ಕರಾವಳಿ ಮತ್ತು ಮಲೆನಾಡಿನಲ್ಲಿ ಮುರುಗಲು, ಅಂದರೆ ಪುನರ್ಪುಳಿಯ ಬೀಜದಿಂದ ತೆಗೆಯುವ ಈ ಕೊಬ್ಬು ಮಾಮೂಲಿ ಹವೆಯಲ್ಲಿ ಗಟ್ಟಿಯಾಗಿರುತ್ತದೆ, ಸುಮಾರು 40 ಡಿಗ್ರಿಗೆ ಕರಗುತ್ತದೆ. ಚೂರೊಂದನ್ನು ಉಗುರಿನಿಂದ ಕೆರೆದು ಅಂಗೈಯಲ್ಲಿಟ್ಟರೆ ಮೊದಲು ಪುಡಿಪುಡಿಯಾಗಿ ಸತಾಯಿಸುತ್ತದೆ. ಎರಡೂ ಕೈ ಸೇರಿಸಿ ಬಿಸಿಯಾಗುವಷ್ಟು ಉಜ್ಜಿದ ಮೇಲೆ ಒಮ್ಮೆಲೇ ಹರಡಿಕೊಂಡು ಬಿರುಕಿನೊಳಗೆ ಇಳಿಯುತ್ತದೆ. ಆತುರವಿದ್ದರೆ ಚಮಚದಲ್ಲಿಟ್ಟು ತುಸು ಬಿಸಿ ಮಾಡಿ. ಪರಿಮಳವಿಲ್ಲ, ಹೆಚ್ಚು ಅಂಟುವುದಿಲ್ಲ.

ಮುಲಾಮನ್ನು ಸ್ವತಃ ಮಾಡಿಕೊಳ್ಳುವ ಆಸೆಯಿದ್ದರೆ 10 ಗ್ರಾಂ ಜೇನುಮೇಣ, 40 ಗ್ರಾಂ ಕೊಬ್ಬರಿ ಎಣ್ಣೆ ಸಾಕು. ಕುದಿಯುವ ನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಎರಡನ್ನೂ ಕರಗಿಸಿ, ಒಣಗಿದ ಡಬ್ಬಿಗೆ ಸುರಿದು ಆರಲು ಬಿಡಿ. ಲೋಳೆಸರದ ತಿರುಳು, ಗುಲಾಬಿ ನೀರು ಇತ್ಯಾದಿ ಸೇರಿಸಬೇಡಿ. ನೀರಿನಂಶ ಸೇರಿದರೆ ಬೂಷ್ಟು ಹಿಡಿಯುತ್ತದೆ.

8. ತಂದ ಮೇಲೆ ಪರೀಕ್ಷಿಸಿ, ಆಮೇಲೆ ಹಚ್ಚಿ

ಹೊಸ ಕ್ರೀಮನ್ನು ಮೊಣಕೈಯ ಒಳಮಡಿಕೆಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ ಒಂದು ವಾರ ಹಚ್ಚಿ ನೋಡಿ. ಕೆಂಪಾಗದೆ, ತುರಿಸದೆ ಇದ್ದರೆ ಕೈಗೆ ಬಳಸಿ.

ಹಗಲಿನಲ್ಲಿ ಕೈ ತೊಳೆದ ಪ್ರತಿ ಸಲವೂ ಟವೆಲ್ಲಿನಿಂದ ಒತ್ತಿ ಒರೆಸಿ, ತೇವ ಪೂರ್ತಿ ಆರುವ ಮೊದಲೇ ಹಚ್ಚಬೇಕು. ಮೊದಲು ಹಿಂಬದಿ, ಆಮೇಲೆ ಬೆರಳ ಸಂದು, ಉಗುರಿನ ಸುತ್ತ, ಕೊನೆಗೆ ಅಂಗೈ. ಡಬ್ಬಿ ಬೀರುವಿನಲ್ಲಿದ್ದರೆ ಯಾರೂ ಹೋಗಿ ತರುವುದಿಲ್ಲ. ಪಂಪ್ ಇರುವ ಬಾಟಲಿ ಸಿಂಕಿನ ಪಕ್ಕದಲ್ಲಿರಲಿ.

ರಾತ್ರಿ ಮಲಗುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷ ಕೈ ಅದ್ದಿ. ತೇವ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿ ಧಾರಾಳವಾಗಿ ಸವರಿ ಹತ್ತಿಯ ಗ್ಲೌಸ್ ಹಾಕಿಕೊಳ್ಳಿ. ಹಳೆಯ ಹತ್ತಿ ಕಾಲುಚೀಲವೂ ಆದೀತು. ನೋಡುವುದಕ್ಕೆ ಚೆಂದವಿರುವುದಿಲ್ಲ, ಅಷ್ಟೇ. ಜೆಲ್ಲಿ ಹೀರಿದ ಬಟ್ಟೆಗೆ ಬೆಂಕಿ ಬೇಗ ತಗಲುತ್ತದೆ, ಆದ್ದರಿಂದ ಅದನ್ನು ತೊಟ್ಟು ಒಲೆಯ ಬಳಿ ಹೋಗಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ. ಹೆಬ್ಬೆರಳ ತುದಿಯ ಆಳವಾದ ಸೀಳಿಗೆ ಜೆಲ್ಲಿ ತುಂಬಿ, ಮೇಲೆ ಔಷಧ ಅಂಗಡಿಯ ಪೇಪರ್ ಟೇಪ್ ಸುತ್ತಿದರೆ ಬೆರಳು ಮಡಚಿದಾಗ ಮತ್ತೆ ಬಾಯಿ ಬಿಡುವುದಿಲ್ಲ.

9. ಸೋಪು ಬದಲಿಸದೆ ಕ್ರೀಮಿಗೆ ಬೈಯಬೇಡಿ

ಸೋಪಿನ ಮೇಲೆ ‘ಗ್ರೇಡ್ 1, ಟಿ.ಎಫ್.ಎಂ. ಶೇ. 76’ ಎಂದಿದ್ದರೆ ಅದರಲ್ಲಿ ಕೊಬ್ಬಿನಂಶ ಹೆಚ್ಚು ಎಂದಷ್ಟೇ ಅರ್ಥ, ಅದೂ ಕ್ಷಾರೀಯವೇ. ಒಡೆದ ಕೈಗೆ ಸೋಪಿಲ್ಲದ ಕ್ಲೆನ್ಸರ್, ಅಂದರೆ ‘ಸಿಂಡೆಟ್’ ಮೇಲು. ಕೈ ಕೊಳೆಯಾಗದೆ ಬರಿಯ ಶುಚಿಗೆಂದು ತೊಳೆಯುವುದಾದರೆ, ಗ್ಲಿಸರಿನ್ ಇರುವ ಸ್ಯಾನಿಟೈಸರ್ ಪದೇ ಪದೇ ಸೋಪು ಹಾಕುವುದಕ್ಕಿಂತ ಕಡಿಮೆ ಒಣಗಿಸುತ್ತದೆ. ಬಿರುಕಿದ್ದರೆ ಉರಿ ಮಾತ್ರ ತಪ್ಪದು. ಪಾತ್ರೆಗೆ ಗ್ಲೌಸ್ ಹಾಕುವವರು ಒಳಗೆ ತೆಳು ಹತ್ತಿಯ ಗ್ಲೌಸ್ ತೊಡಲಿ. ಒಳಗೆ ಬೆವರು ನಿಂತರೆ ಅದೂ ಚರ್ಮವನ್ನು ಕೆಡಿಸುತ್ತದೆ, ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆದು ಗಾಳಿಯಾಡಲು ಬಿಡಿ.

10. ವೈದ್ಯರ ಬಳಿ ಯಾವಾಗ?

ಇಷ್ಟನ್ನೂ ನಿಯಮವಾಗಿ ಮಾಡಿ ಎರಡು ಮೂರು ವಾರವಾದರೂ ಇಳಿಮುಖ ಕಾಣದಿದ್ದರೆ, ಕೀವು, ಊತ, ಬಿಸಿ ಇದ್ದರೆ, ರಾತ್ರಿ ನಿದ್ದೆಗೆಡಿಸುವಷ್ಟು ತುರಿಕೆ ಇದ್ದರೆ ಕಾಯಬೇಡಿ. ಮಧುಮೇಹ ಇರುವವರು ಸಣ್ಣ ಸೀಳನ್ನೂ ಲಘುವಾಗಿ ಕಾಣಬಾರದು. ಮೈಯೆಲ್ಲ ಒಣಗಿ, ಸುಸ್ತು, ತೂಕ ಏರಿಕೆಯೂ ಜೊತೆಗಿದ್ದರೆ ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ. ಅಂಗಡಿಯವರು ತಾವಾಗಿಯೇ ಕೊಡುವ ‘ಎಲ್ಲಕ್ಕೂ ಆಗುವ’ ಟ್ಯೂಬುಗಳಲ್ಲಿ ಅನೇಕ ಸಲ ಕ್ಲೊಬೆಟಸಾಲ್‌ನಂತಹ ಬಲವಾದ ಸ್ಟೀರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ಕೈ ನುಣುಪಾಗುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಶಿಲೀಂಧ್ರದ ಸೋಂಕಿದ್ದರೆ ಅದು ಮರೆಯಲ್ಲಿ ಹಬ್ಬುತ್ತದೆ. ವೈದ್ಯರ ಚೀಟಿ ಇಲ್ಲದೆ ಅದನ್ನು ಕೊಳ್ಳಬೇಡಿ.

ಚರ್ಮವೈದ್ಯರನ್ನು ಕಾಣಲು ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಟ್ಯೂಬು, ಎಣ್ಣೆ, ಕೈತೊಳೆಯುವ ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹೆಸರು ನೆನಪಿಲ್ಲದ ಟ್ಯೂಬಿನ ಖಾಲಿ ಡಬ್ಬಿಯನ್ನೂ ಬಿಡಬೇಡಿ. ಅಂದು ಬೆಳಿಗ್ಗೆ ಕೈಗೆ ಏನನ್ನೂ ಹಚ್ಚಬೇಡಿ.